ಒಂದೇ ನೆಲ, ಹಲವು ಪಂಕ್ತಿ

ವಸ್ತು ಒಂದೇ, ಅದಕ್ಕೆ ಬೇರೆ ಬೇರೆ ನಾಡಿನವರು ಇಟ್ಟ ಹೆಸರುಗಳು ಮಾತ್ರ ಒಂದಕ್ಕೊಂದು ವಿರುದ್ಧ. ಫ್ರಾನ್ಸಿನ ಲವಾಸಿಯೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅದನ್ನು ‘ಅಜೋಟ್’ ಎಂದು ಕರೆದರು. ಗ್ರೀಕ್ ಮೂಲದ ಆ ಮಾತಿಗೆ ‘ಜೀವವಿಲ್ಲದ್ದು’ ಎಂದರ್ಥ. ಜರ್ಮನರು ಅದನ್ನು ‘ಉಸಿರು ಕಟ್ಟಿಸುವ ವಸ್ತು’ ಎಂದರು. ೧೭೯೦ರಲ್ಲಿ ಶಾಪ್ತಾಲ್ ಎಂಬ ರಸಾಯನಶಾಸ್ತ್ರಜ್ಞರು, ಅದು ಪೆಟ್ಲುಪ್ಪಿನಲ್ಲಿ ಅಡಗಿರುವುದನ್ನು ನೆನೆದು, ‘ನೈಟ್ರೋಜನ್’, ಎಂದರೆ ಪೆಟ್ಲುಪ್ಪಿನ ಜನಕ, ಎಂಬ ಹೆಸರಿಟ್ಟರು. ನಮ್ಮ ಕನ್ನಡದ ಪಠ್ಯಪುಸ್ತಕಗಳನ್ನು ಬರೆದ ಹಿರಿಯರು ಅದನ್ನು ‘ಸಾರಜನಕ’ ಎಂದರು. ಅದರಿಂದಾದ ಪ್ರೋಟೀನನ್ನು ‘ಸಸಾರಜನಕ’ ಎಂದರು. ಹೊಲದ ಬದುವಿನ ಮೇಲೆ ನಿಂತು ನೋಡುವವನಿಗೆ ಈ ನಾಲ್ಕರಲ್ಲಿ ಕನ್ನಡದ ಹೆಸರೇ ಹೆಚ್ಚು ಸತ್ಯವೆಂದು ತೋರೀತು. ಎಲೆಯ ಹಸಿರು, ಕಾಳಿನ ಕಸುವು, ಹಸುವಿನ ಹಾಲು, ನಮ್ಮ ತೋಳಿನ ಮಾಂಸ, ಎಲ್ಲದರ ಸಾರಕ್ಕೂ ಅದೇ ಜನಕ.

ಗಾಳಿಯಲ್ಲಿ ನೂರಕ್ಕೆ ಎಪ್ಪತ್ತೆಂಟು ಪಾಲು ಸಾರಜನಕವೇ ಇದೆ. ಆದರೂ ಸಾರಜನಕದ ಕೊರತೆಯಿಂದ ಎಲೆ ಹಳದಿಯಾಗಿ ಸೊರಗಿದ ಬೆಳೆಯನ್ನು ನಾವೆಲ್ಲರೂ ಕಂಡಿದ್ದೇವೆ. ಗಾಳಿಯಲ್ಲಿ ಅದರ ಪರಮಾಣುಗಳು ಎರಡೆರಡಾಗಿ, ಮೂರು ಎಳೆಯ ಬಂಧದಿಂದ ಬಿಗಿದುಕೊಂಡಿರುತ್ತವೆ. ಆ ಬಂಧವನ್ನು ಬಿಡಿಸುವ ಶಕ್ತಿ ಯಾವ ಗಿಡಕ್ಕೂ ಇಲ್ಲ. ಸಮುದ್ರದ ನಡುವೆ ನಿಂತು ಬಾಯಾರಿದವನ ಪಾಡು ಸಸ್ಯಗಳದು.

ಈ ಕೊರತೆಯನ್ನು ನೀಗಲೆಂದೇ ನಮ್ಮ ರೈತರು ಯೂರಿಯಾ ಕೊಂಡು ತಂದು ಎರಚುತ್ತಾರೆ. ಅದರಲ್ಲಿ ಬೆಳೆಯ ಬಾಯಿಗೆ ಬೀಳುವುದೆಷ್ಟು? ಪ್ರಪಂಚದ ಧಾನ್ಯದ ಹೊಲಗಳಿಗೆ ಹಾಕಿದ ಸಾರಜನಕದಲ್ಲಿ ಕಾಳಿಗೆ ಬಂದು ಸೇರುವುದು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರವೆಂದು ೧೯೯೯ರಲ್ಲಿ ಅಮೆರಿಕದ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಮಿಕ್ಕುದರಲ್ಲಿ ಸ್ವಲ್ಪ ಹುಲ್ಲಿನಲ್ಲಿಯೂ ಮಣ್ಣಿನಲ್ಲಿಯೂ ಉಳಿಯುತ್ತದೆ. ಉಳಿದದ್ದು ಬಾವಿಯ ನೀರಿಗೂ ಆಕಾಶಕ್ಕೂ ಸಂದಾಯವಾಗುತ್ತದೆ. ಈ ನಷ್ಟಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದ ಒಂದನ್ನು ಇಲ್ಲಿ ವಿವರಿಸಬೇಕಾಗಿದೆ: ಭತ್ತ ಉಣ್ಣುವಂತೆ ರಾಗಿ ಉಣ್ಣುವುದಿಲ್ಲ, ರಾಗಿ ಉಣ್ಣುವಂತೆ ಅವರೆ ಉಣ್ಣುವುದಿಲ್ಲ. ಒಂದೇ ನೆಲದಲ್ಲಿ ಬೇರೂರಿದ್ದರೂ ಒಂದೊಂದು ಜಾತಿಯ ಗಿಡಕ್ಕೂ ಅದರದೇ ಆದ ಊಟದ ಪದ್ಧತಿಯಿದೆ. ಅದನ್ನು ಅರಿಯದೆ ಬಡಿಸಿದರೆ ಎಲೆಯಿಂದ ಹೊರಕ್ಕೆ ಚೆಲ್ಲಿಹೋಗುವುದೇ ಹೆಚ್ಚು.

ಮಣ್ಣಿನೊಳಗಿನ ಅಡಿಗೆಮನೆ

ಕೊಟ್ಟಿಗೆ ಗೊಬ್ಬರ, ತರಗೆಲೆ, ಸತ್ತ ಬೇರು, ಇವುಗಳಲ್ಲಿರುವ ಸಾರಜನಕವನ್ನು ನಮ್ಮ ಬೆಳೆಗಳ ಬೇರುಗಳು ಇದ್ದ ಹಾಗೆಯೇ ನುಂಗಲಾರವು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಮೊದಲು ಅಮೋನಿಯಾ ಮಾಡಬೇಕು. ಗಾಳಿಯಾಡುವ ಮಣ್ಣಿನಲ್ಲಿ ಬೇರೊಂದು ಗುಂಪಿನ ಜೀವಿಗಳು ಆ ಅಮೋನಿಯಾವನ್ನು ಆಮ್ಲಜನಕದೊಡನೆ ಕೂಡಿಸಿ ನೈಟ್ರೇಟ್ ಮಾಡುತ್ತವೆ. ನಾವು ಎರಚುವ ಯೂರಿಯಾದ ಹಾದಿಯೂ ಇದೇ: ಕೆಲವೇ ದಿನಗಳಲ್ಲಿ ಅಮೋನಿಯಾ, ಅಲ್ಲಿಂದ ಮುಂದೆ ನೈಟ್ರೇಟ್.

ಇದು ಕೇವಲ ರಾಸಾಯನಿಕ ಕ್ರಿಯೆಯೆಂದೇ ಬಹುಕಾಲ ತಿಳಿಯಲಾಗಿತ್ತು. ೧೮೭೭ರಲ್ಲಿ ಪ್ಯಾರಿಸ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬಿಬ್ಬರು ವಿಜ್ಞಾನಿಗಳು ಒಂದು ಸರಳ ಪರೀಕ್ಷೆ ಮಾಡಿದರು. ಮರಳು ತುಂಬಿದ ಉದ್ದನೆಯ ಕೊಳವೆಯ ಮೂಲಕ ಚರಂಡಿಯ ನೀರನ್ನು ಮೆಲ್ಲಗೆ ಇಳಿಯಬಿಟ್ಟರು. ಸುಮಾರು ಇಪ್ಪತ್ತು ದಿನಗಳ ತನಕ ಏನೂ ಆಗಲಿಲ್ಲ. ಆಮೇಲೆ ಕೆಳಗಿನಿಂದ ಬರುವ ನೀರಿನಲ್ಲಿ ನೈಟ್ರೇಟ್ ಕಾಣಿಸಿಕೊಂಡಿತು. ಕೊಳವೆಯೊಳಕ್ಕೆ ಕ್ಲೋರೋಫಾರಮ್ಮಿನ ಆವಿ ಹಾಯಿಸಿದಾಗ ನೈಟ್ರೇಟ್ ನಿಂತುಹೋಯಿತು. ಆವಿಯನ್ನು ತೆಗೆದು, ಹೊಸ ಮಣ್ಣನ್ನು ಕದಡಿದ ನೀರನ್ನು ಹೊಯ್ದಾಗ ಮತ್ತೆ ಬಂದಿತು. ಕ್ಲೋರೋಫಾರಮ್ಮಿಗೆ ಮಂಪರು ಹತ್ತುವುದು ಜೀವವಿರುವುದಕ್ಕೆ ಮಾತ್ರ. ಆದಕಾರಣ ಈ ಅಡಿಗೆಯ ಬಾಣಸಿಗರು ಸಜೀವಿಗಳೆಂದು ಸಿದ್ಧವಾಯಿತು. ಮುಂದೆ ಹದಿಮೂರು ವರ್ಷಗಳೊಳಗೆ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿ ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದರು.

ಹೀಗೆ ಬೇರಿನ ಮುಂದೆ ಎರಡು ಭಕ್ಷ್ಯಗಳು ಸಿದ್ಧವಾಗುತ್ತವೆ. ಅವುಗಳ ಗುಣ ಬೇರೆ ಬೇರೆ. ಅಮೋನಿಯಾಕ್ಕೆ ಧನ ವಿದ್ಯುದಂಶವಿದೆ. ಜೇಡಿಮಣ್ಣಿನ ಕಣಗಳಿಗೆ ಋಣ ವಿದ್ಯುದಂಶವಿದೆ. ಆದ್ದರಿಂದ ಅಮೋನಿಯಾ ಮಣ್ಣಿಗೆ ಅಂಟಿಕೊಂಡು ನಿಲ್ಲುತ್ತದೆ. ನೈಟ್ರೇಟಿಗೆ ಅಂಥ ನಂಟಿಲ್ಲ. ಮಳೆನೀರು ಕರೆದಲ್ಲಿಗೆ ಅದು ಹೊರಟುಬಿಡುತ್ತದೆ. ಅಮೋನಿಯಾವನ್ನು ಗಿಡವು ಬೇರಿನಲ್ಲಿಯೇ ಕೂಡಲೆ ಬಳಸಿಕೊಳ್ಳಬೇಕು. ಒಳಗೆ ಕೂಡಿಟ್ಟರೆ ಅದೇ ವಿಷ. ನೈಟ್ರೇಟನ್ನಾದರೋ ಕಾಂಡಕ್ಕೂ ಎಲೆಗೂ ಸಾಗಿಸಬಹುದು, ಕಣಜದಲ್ಲಿಟ್ಟಂತೆ ಕೂಡಿಡಬಹುದು. ಆದರೆ ಬಳಸುವ ಹೊತ್ತಿಗೆ ಅದನ್ನು ಮತ್ತೆ ಅಮೋನಿಯಾಕ್ಕೆ ಇಳಿಸಬೇಕು, ಅದಕ್ಕೆ ಬಿಸಿಲಿನಿಂದ ಗಳಿಸಿದ ಶಕ್ತಿಯನ್ನು ವೆಚ್ಚ ಮಾಡಬೇಕು. ಒಂದು ಅಡಿಗೆ ಅಗ್ಗ, ಆದರೆ ಅಪಾಯ; ಇನ್ನೊಂದು ನಿರಪಾಯ, ಆದರೆ ದುಬಾರಿ. ಯಾವ ಸಸ್ಯ ಯಾವುದನ್ನು ಆರಿಸಿಕೊಂಡಿತೆಂಬುದು ಅದು ಹುಟ್ಟಿ ಬೆಳೆದ ನೆಲದ ಗುಣವನ್ನು ಅವಲಂಬಿಸಿದೆ. ಹುಳಿಮಣ್ಣಿನಲ್ಲಿ ಬೆಳೆಯುವ ಚಹಾ ಗಿಡಕ್ಕೆ ಅಮೋನಿಯಾದಲ್ಲಿ ಒಲವು. ಗಾಳಿಯಾಡುವ ಒಣನೆಲದ ಬೆಳೆಗಳಲ್ಲಿ ಬಹುಪಾಲಿಗೆ ನೈಟ್ರೇಟೇ ಮುಖ್ಯ ಆಹಾರ.

ಕೆಸರಿನಲ್ಲಿ ನಿಂತ ಭತ್ತ

ಭತ್ತದ ಗದ್ದೆಯಲ್ಲಿ ನೀರು ನಿಂತೊಡನೆ ಮಣ್ಣಿನೊಳಕ್ಕೆ ಆಮ್ಲಜನಕ ಹೋಗುವ ದಾರಿ ಮುಚ್ಚುತ್ತದೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಜೀವಿಗಳ ಕೆಲಸ ನಿಲ್ಲುತ್ತದೆ. ಬೇರೆ ಬಹುಪಾಲು ಬೆಳೆಗಳ ಬೇರು ಕೊಳೆತುಹೋಗುವ ಈ ಕೆಸರಿನಲ್ಲಿ ಭತ್ತವು ಅಮೋನಿಯಾವನ್ನೇ ಮುಖ್ಯ ಆಹಾರವಾಗಿ ಉಂಡು ಬದುಕುತ್ತದೆ. ಅದರ ಕಾಂಡದೊಳಗೆ ಗಾಳಿಯ ಕೊಳವೆಗಳಿವೆ. ಎಲೆಯಿಂದ ಇಳಿದ ಆಮ್ಲಜನಕದಲ್ಲಿ ಕೊಂಚ ಬೇರಿನ ಸುತ್ತ ಸೋರುತ್ತದೆ. ಅಷ್ಟು ಜಾಗದಲ್ಲಿ ಸ್ವಲ್ಪ ನೈಟ್ರೇಟ್ ಹುಟ್ಟುತ್ತದೆ. ಭತ್ತ ಅದನ್ನೂ ಬಿಡುವುದಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಬೆಳೆಯುವ ಇಂಡಿಕಾ ವರ್ಗದ ಭತ್ತಗಳು ಜಪಾನಿನ ಜಪೋನಿಕಾ ವರ್ಗದವುಗಳಿಗಿಂತ ನೈಟ್ರೇಟನ್ನು ಚೆನ್ನಾಗಿ ಬಳಸಬಲ್ಲವು. ಈ ಭೇದದ ಒಂದು ಕಾರಣ ಒಂದೇ ಒಂದು ಜೀನಿನಲ್ಲಿದೆಯೆಂದು ಚೀನಾದ ವಿಜ್ಞಾನಿಗಳು ೨೦೧೫ರಲ್ಲಿ ಕಂಡುಹಿಡಿದರು.

ಗದ್ದೆಯಲ್ಲಿ ನಿಂತ ನೀರಿನ ಮೇಲೆ ಯೂರಿಯಾ ಎರಚಿದರೆ ಏನಾಗುತ್ತದೆ? ಒಂದು ಪಾಲು ಅಮೋನಿಯಾ ಆಗಿ ನೇರವಾಗಿ ಗಾಳಿಗೆ ಹಾರುತ್ತದೆ. ಇನ್ನೊಂದು ಪಾಲು ಮಣ್ಣಿನ ತೀರ ಮೇಲಣ ತೆಳು ಪದರವನ್ನು ಸೇರುತ್ತದೆ. ಅಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ಕೊಂಚವಿರುವುದರಿಂದ ಅದು ನೈಟ್ರೇಟ್ ಆಗುತ್ತದೆ. ಆ ನೈಟ್ರೇಟ್ ಕೆಳಗಿನ ಕೆಸರಿಗೆ ಇಳಿದಾಗ ಅಲ್ಲಿ ಬೇರೊಂದು ಜಾತಿಯ ಜೀವಿಗಳು ಕಾದಿರುತ್ತವೆ. ಆಮ್ಲಜನಕವಿಲ್ಲದ ಕಡೆ ಅವು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಉಸಿರಾಡಿ, ಸಾರಜನಕವನ್ನು ಅನಿಲವಾಗಿ ಹೊರಕ್ಕೆ ಬಿಡುತ್ತವೆ. ಹಣ ಕೊಟ್ಟು ತಂದ ಗೊಬ್ಬರ ಗುಳ್ಳೆಯಾಗಿ ಮೇಲೇರಿ ಬಂದ ದಾರಿಗೇ ಹೋಯಿತು! ಜಪಾನಿನ ಕೃಷಿ ವಿಜ್ಞಾನಿಗಳು ಎರಡನೆಯ ಮಹಾಯುದ್ಧಕ್ಕೆ ಮುನ್ನವೇ ಈ ಗುಟ್ಟನ್ನು ಅರಿತು, ಗೊಬ್ಬರವನ್ನು ಮೇಲೆ ಎರಚದೆ ಕೆಸರಿನ ಆಳಕ್ಕೆ ಸೇರಿಸಬೇಕೆಂದು ಹೇಳಿದರು. ಬಾಂಗ್ಲಾದೇಶದಲ್ಲಿ ಯೂರಿಯಾವನ್ನು ದಪ್ಪ ಗುಳಿಗೆ ಮಾಡಿ ಪೈರುಗಳ ನಡುವೆ ಕೆಸರಿನಲ್ಲಿ ಹುದುಗಿಸುವ ಪದ್ಧತಿ ಇದೇ ತತ್ತ್ವವನ್ನು ಅನುಸರಿಸಿದ್ದು.

ಭತ್ತಕ್ಕೆ ಇನ್ನೊಂದು ಕಡೆಯಿಂದಲೂ ನೆರವುಂಟು. ಗೊಬ್ಬರವನ್ನೇ ಕಾಣದ ಗದ್ದೆಗಳು ತಲೆತಲಾಂತರದಿಂದ ಒಂದಿಷ್ಟು ಬೆಳೆಯನ್ನು ತಪ್ಪದೆ ಕೊಡುತ್ತ ಬಂದದ್ದು ಹೇಗೆ? ಭಾರತೀಯ ವಿಜ್ಞಾನಿ ಪಿ. ಕೆ. ಡೇ ಅವರು ೧೯೩೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಗದ್ದೆಯ ನೀರಿನಲ್ಲಿ ಲೋಳೆಯಂತೆ ಹಬ್ಬುವ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೂಡಿಸುತ್ತದೆ. ನೀರಿನ ಮೇಲೆ ತೇಲುವ ಅಜೋಲ ಎಂಬ ಪುಟ್ಟ ಗಿಡದ ಎಲೆಯ ಹೊಟ್ಟೆಯಲ್ಲಿಯೂ ಅಂಥದೇ ಪಾಚಿ ಮನೆ ಮಾಡಿಕೊಂಡಿದೆ.

ಮಿತವ್ಯಯಿ ರಾಗಿ, ಕಾವಲುಗಾರ ಜೋಳ

ಗದ್ದೆಯಿಂದ ಹೊಲಕ್ಕೆ ಬಂದರೆ ಊಟದ ಕ್ರಮವೇ ಬದಲಾಗುತ್ತದೆ. ಮೊದಲ ಮಳೆ ಬಿದ್ದೊಡನೆ ಒಣಗಿದ್ದ ನೆಲದ ಸೂಕ್ಷ್ಮಜೀವಿಗಳು ಎಚ್ಚೆತ್ತು ಭರದಿಂದ ನೈಟ್ರೇಟ್ ತಯಾರಿಸುತ್ತವೆ. ಬೇರು ಬಿಟ್ಟ ಪೈರಿಗೆ ಅದು ಹಬ್ಬದೂಟ. ಬೇರು ಬಿಡುವ ಮೊದಲೇ ಜೋರು ಮಳೆ ಹೊಯ್ದರೆ ಆ ಊಟವೆಲ್ಲ ಪಾತಾಳದ ಪಾಲು. ಹದವರಿತು ಬಿತ್ತಬೇಕೆಂದು ಹಿರಿಯ ಒಕ್ಕಲಿಗರು ಹೇಳುತ್ತ ಬಂದ ಮಾತಿನಲ್ಲಿ ಈ ಲೆಕ್ಕವೂ ಅಡಗಿದೆ.

ರಾಗಿ ಬಡವನ ಬೆಳೆಯೆಂಬ ಮಾತುಂಟು. ಬಡ ನೆಲದಲ್ಲಿಯೂ ಅದು ಕೈಬಿಡದಿರುವುದಕ್ಕೆ ಶಾಸ್ತ್ರೀಯವಾದ ಒಂದು ಕಾರಣವಿದೆ. ಭತ್ತ, ಗೋಧಿಯಂಥ ಸಸ್ಯಗಳು ಗಾಳಿಯಿಂದ ಇಂಗಾಲವನ್ನು ಹಿಡಿಯಲು ರುಬಿಸ್ಕೋ ಎಂಬ ಪ್ರೋಟೀನನ್ನು ರಾಶಿಗಟ್ಟಲೆ ತಯಾರಿಸಿಕೊಳ್ಳಬೇಕು. ಎಲೆಯ ಸಾರಜನಕದಲ್ಲಿ ಐದರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಈ ಒಂದೇ ಕೆಲಸಕ್ಕೆ ಮುಡಿಪು. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬುಗಳು ಬೇರೊಂದು ವರ್ಗಕ್ಕೆ ಸೇರಿದವು. ಅವು ಇಂಗಾಲವನ್ನು ಎಲೆಯ ಒಳಗಣ ಕೋಶಗಳಲ್ಲಿ ಒತ್ತಾಗಿ ಸೇರಿಸಿಕೊಂಡು ಆಮೇಲೆ ಬಳಸುತ್ತವೆ. ಆದ್ದರಿಂದ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ ಸಾರಜನಕವನ್ನು ಅಲ್ಲಿ ತೊಡಗಿಸಿದರೆ ಸಾಕು. ಅಷ್ಟೇ ಸಾರಜನಕದಲ್ಲಿ ಹೆಚ್ಚು ಹುಲ್ಲು, ಹೆಚ್ಚು ಬೆಳವಣಿಗೆ ಇವುಗಳಿಗೆ ಸಾಧ್ಯ. ಮನೆವಾರ್ತೆಯನ್ನು ಹಿತಮಿತವಾಗಿ ನಡೆಸುವ ಗೃಹಿಣಿಯಂತೆ ರಾಗಿ.

ಜೋಳದ ಕಥೆ ಇನ್ನೂ ಸ್ವಾರಸ್ಯಕರ. ಅದರ ಬೇರಿನ ತುದಿಗಳು ಸಾರ್ಗೋಲಿಯೋನ್ ಮೊದಲಾದ ಕೆಲವು ವಸ್ತುಗಳನ್ನು ಒಸರುತ್ತವೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಜೀವಿಗಳಿಗೆ ಆ ವಸ್ತುಗಳು ಕಡಿವಾಣ ಹಾಕುತ್ತವೆ. ಹಾಗಾಗಿ ಬೇರಿನ ಬಳಿಯ ಸಾರಜನಕ ಅಮೋನಿಯಾ ರೂಪದಲ್ಲಿಯೇ ಮಣ್ಣಿಗಂಟಿ ಉಳಿಯುತ್ತದೆ; ಮಳೆಯೊಡನೆ ಕೊಚ್ಚಿಹೋಗುವುದಿಲ್ಲ. ತನ್ನ ಪಾಲಿನ ಅನ್ನಕ್ಕೆ ತಾನೇ ಕಾವಲು ನಿಂತ ಬೆಳೆಯಿದು! ಜಪಾನಿನ ಒಂದು ಸಂಶೋಧನಾ ಕೇಂದ್ರದವರು ಇಂಥ ವಸ್ತುವೊಂದನ್ನು ಹುಲ್ಲುಗಾವಲಿನ ಬ್ರಾಕಿಯೇರಿಯ ಹುಲ್ಲಿನ ಬೇರಿನಿಂದ ಬೇರ್ಪಡಿಸಿ ೨೦೦೯ರಲ್ಲಿ ಪ್ರಕಟಿಸಿದರು. ೨೦೨೧ರಲ್ಲಿ ಅವರೂ ಮೆಕ್ಸಿಕೋದ ಗೋಧಿ ಸಂಶೋಧಕರೂ ಕೂಡಿ, ಒಂದು ಕಾಡು ಹುಲ್ಲಿನ ಈ ಗುಣವನ್ನು ಗೋಧಿಗೆ ದಾಟಿಸಿದ ಸುದ್ದಿ ಬಂದಿತು. ನಮ್ಮ ಬೇವಿಗೂ ಇದೇ ಬಗೆಯ ಗುಣವಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ೧೯೭೦ರ ದಶಕದಲ್ಲಿ ಬೇವಿನ ಹಿಂಡಿಯ ಮೇಲೆ ನಡೆದ ಸಂಶೋಧನೆಗಳ ಫಲವಾಗಿ, ೨೦೧೫ರಿಂದ ನಮ್ಮ ದೇಶದ ವ್ಯವಸಾಯದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ.

ಜೋಳಕ್ಕೆ ಒಂದು ದೋಷವೂ ಉಂಟು. ಮಳೆ ಕೈಕೊಟ್ಟು ಪೈರು ಬಾಡಿದಾಗ, ಬೇರು ಹೀರಿದ ನೈಟ್ರೇಟ್ ಪ್ರೋಟೀನ್ ಆಗಲು ಅವಕಾಶವಿಲ್ಲದೆ ದಂಟಿನಲ್ಲಿಯೇ ಉಳಿಯುತ್ತದೆ. ಅಂಥ ಮೇವನ್ನು ಹೊಟ್ಟೆ ತುಂಬ ತಿಂದ ದನ ಸಾಯುವುದೂ ಉಂಟು. ಎಳೆಯ ಜೋಳದಲ್ಲಿ ಸಯನೈಡಿನ ವಿಷದ ಭಯವೂ ಇದರ ಜೊತೆಗೇ ಇದೆ. ದಂಟು, ಪಾಲಕ್, ಬೀಟ್‌ರೂಟುಗಳ ಎಲೆಗಳೂ ನೈಟ್ರೇಟನ್ನು ಕೂಡಿಡುವ ಸ್ವಭಾವದವು; ಬಿಸಿಲು ಕಡಿಮೆಯಾದಷ್ಟೂ ಈ ಸಂಗ್ರಹ ಹೆಚ್ಚುತ್ತದೆ.

ಗಾಳಿಯನ್ನು ಉಣ್ಣುವ ಕುಲ

ಅವರೆ, ತೊಗರಿ, ಹುರುಳಿ, ಕಡಲೆಗಳ ಕುಲದ ಕಥೆ ಸಸ್ಯಶಾಸ್ತ್ರದ ಒಂದು ಪತ್ತೇದಾರಿ ಕಥೆಯೇ ಸರಿ. ೧೮೩೮ರಲ್ಲಿ ಫ್ರಾನ್ಸಿನ ಬೂಸ್ಸಿಂಗೋ ಎಂಬವರು ಕಾಸಿದ ಮರಳಿನಲ್ಲಿ ಬಟಾಣಿಯನ್ನೂ ಗೋಧಿಯನ್ನೂ ಬೆಳೆದು ತೂಗಿದರು. ಗೋಧಿಯಲ್ಲಿ ಸಾರಜನಕ ಹೆಚ್ಚಿರಲಿಲ್ಲ, ಬಟಾಣಿಯಲ್ಲಿ ಹೆಚ್ಚಿತ್ತು. ಹಾಗಾದರೆ ಅದು ಬಂದದ್ದು ಗಾಳಿಯಿಂದಲೆ? ಇಂಗ್ಲೆಂಡಿನ ರಾಥಮ್‌ಸ್ಟೆಡ್ ಪ್ರಯೋಗಕ್ಷೇತ್ರದವರು ೧೮೫೭ರಿಂದ ಇನ್ನೂ ಹೆಚ್ಚು ಎಚ್ಚರಿಕೆ ವಹಿಸಿ, ಮಣ್ಣನ್ನು ಕೆಂಪಗೆ ಕಾಸಿ, ಗಾಜಿನ ಗುಮ್ಮಟದ ಕೆಳಗೆ ಗಿಡ ಬೆಳೆಸಿ ನೋಡಿದರು. ಯಾವ ಗಿಡವೂ ಗಾಳಿಯಿಂದ ಸಾರಜನಕ ಪಡೆಯಲಿಲ್ಲ. ವಾದ ಅಲ್ಲಿಗೆ ಮುಗಿಯಿತೆಂದೇ ಹಲವರು ಎಣಿಸಿದರು. ವಿಪರ್ಯಾಸವೆಂದರೆ ಅವರ ಎಚ್ಚರಿಕೆಯೇ ಅವರಿಗೆ ಮುಳುವಾಗಿತ್ತು. ಮಣ್ಣನ್ನು ಕಾಸಿದಾಗ ಸತ್ತುಹೋದ ಜೀವಿಗಳೇ ಆ ಕೆಲಸವನ್ನು ಮಾಡತಕ್ಕವು.

೧೮೮೬ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ ಈ ಗಂಟನ್ನು ಬಿಡಿಸಿದರು. ಕಾಸಿದ ಮರಳಿನಲ್ಲಿ ಸೊರಗಿದ್ದ ಬಟಾಣಿಗೆ ಹೊಲದ ಮಣ್ಣನ್ನು ಕದಡಿದ ನೀರನ್ನು ಹೊಯ್ದಾಗ, ಬೇರಿನಲ್ಲಿ ಸಣ್ಣ ಗಂಟುಗಳು ಮೂಡಿ ಗಿಡ ಹಸಿರಾಗಿ ಎದ್ದಿತು. ಓಟ್ಸ್ ಪೈರಿಗೆ ಅದೇ ನೀರನ್ನು ಹೊಯ್ದರೆ ಏನೂ ಆಗಲಿಲ್ಲ. ಎರಡು ವರ್ಷಗಳ ತರುವಾಯ ಹಾಲೆಂಡಿನ ಬೈಯರಿಂಕ್ ಆ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಈಗ ಅದಕ್ಕೆ ರೈಜೋಬಿಯಮ್ ಎಂದು ಹೆಸರು.

ಕಡಲೆಕಾಯಿಯ ಗಿಡವೊಂದನ್ನು ಹೂ ಬಿಡುವ ಕಾಲದಲ್ಲಿ ಮೆಲ್ಲಗೆ ಅಗೆದು ತೆಗೆದು, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿದರೆ ಒಳಗೆ ನಸುಗೆಂಪು ಬಣ್ಣ ಕಾಣುತ್ತದೆ. ನಮ್ಮ ರಕ್ತದ ಕೆಂಪಿಗೆ ಹತ್ತಿರದ ನೆಂಟನಾದ ವಸ್ತುವೊಂದು ಅಲ್ಲಿದೆ. ಸಾರಜನಕದ ಬಂಧವನ್ನು ಬಿಡಿಸುವ ಕಿಣ್ವ ಆಮ್ಲಜನಕ ಸೋಕಿದರೆ ಕೆಡುತ್ತದೆ. ಬ್ಯಾಕ್ಟೀರಿಯಾ ಉಸಿರಾಡಲಾದರೋ ಆಮ್ಲಜನಕ ಬೇಕು. ಈ ಕೆಂಪು ವಸ್ತು ಆಮ್ಲಜನಕವನ್ನು ತಾನೇ ಹಿಡಿದಿಟ್ಟು, ಬೇಕಾದಷ್ಟನ್ನೇ ಅಳೆದು ಕೊಡುತ್ತದೆ. ಒಳಗೆ ಕೆಂಪಿದ್ದರೆ ಗಂಟು ದುಡಿಯುತ್ತಿದೆ; ಬೆಳ್ಳಗೋ ಹಸಿರಾಗಿಯೋ ಇದ್ದರೆ ಅದು ಸೋಮಾರಿ ಗಂಟು. ಇದನ್ನು ಪರೀಕ್ಷಿಸಲು ಯಾವ ಪ್ರಯೋಗಶಾಲೆಯೂ ಬೇಡ.

ಆದರೆ ಈ ಸೇವೆ ಪುಕ್ಕಟೆಯದಲ್ಲ. ಗಂಟಿನೊಳಗಿನ ಒಕ್ಕಲುಗಳಿಗೆ ಗಿಡವು ತನ್ನ ಸಕ್ಕರೆಯನ್ನು ಬಾಡಿಗೆಯಾಗಿ ತೆರಬೇಕು. ಆದಕಾರಣ ಮಣ್ಣಿನಲ್ಲಿಯೇ ನೈಟ್ರೇಟ್ ಧಾರಾಳವಾಗಿ ದೊರೆತರೆ, ಗಿಡವು ಗಂಟುಗಳನ್ನು ಬೆಳೆಸುವುದನ್ನೇ ಕೈಬಿಡುತ್ತದೆ. ಅವರೆಗೋ ಕಡಲೆಕಾಯಿಗೋ ಧಾರಾಳವಾಗಿ ಯೂರಿಯಾ ಸುರಿದರೆ, ದುಡಿಯುವ ಮಗನನ್ನು ಮನೆಯಲ್ಲಿ ಕೂರಿಸಿ ಸಾಲದ ಹಣದಲ್ಲಿ ಸಾಕಿದಂತಾಗುತ್ತದೆ.

ದ್ವಿದಳ ಬೆಳೆಯಿಂದ ನೆಲ ಫಲವತ್ತಾಗುತ್ತದೆಂಬ ಮಾತನ್ನೂ ಕೊಂಚ ವಿಚಾರಿಸಿ ನೋಡಬೇಕು. ಹಿಡಿದ ಸಾರಜನಕದ ಬಹುಪಾಲು ಕಾಳಿಗೆ ಹೋಗುತ್ತದೆ. ಬೇಳೆಕಾಳಿನಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಪಾಲು ಪ್ರೋಟೀನ್ ಇರುವುದು ಆ ಕಾರಣದಿಂದಲೇ. ಕಡಲೆಕಾಯಿಯಂತೆ ಗಿಡವನ್ನು ಬೇರುಸಹಿತ ಕಿತ್ತು ಕಾಯಿಯನ್ನು ಮಾರಿ ಬಳ್ಳಿಯನ್ನು ದನಕ್ಕೆ ಹಾಕಿದರೆ ನೆಲಕ್ಕೆ ಉಳಿಯುವುದು ಅಲ್ಪ. ತೊಗರಿ ಹಾಗಲ್ಲ, ತಿಂಗಳುಗಟ್ಟಲೆ ಎಲೆ ಉದುರಿಸಿ ನೆಲದ ಋಣವನ್ನು ತೀರಿಸುತ್ತದೆ. ಸೆಣಬನ್ನೋ ಡಯಾಂಚವನ್ನೋ ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದರೆ ಲಾಭ ಪೂರ್ಣ.

ಗಂಟಿನ ಈ ವಿದ್ಯೆ ದ್ವಿದಳದ ಕುಲಕ್ಕಷ್ಟೇ ಮೀಸಲಲ್ಲ. ಕರಾವಳಿಯ ಮರಳಿನಲ್ಲಿ ಗೊಬ್ಬರದ ಸೋಂಕಿಲ್ಲದೆ ಬೆಳೆಯುವ ಗಾಳಿಮರದ ಬೇರಿನಲ್ಲಿಯೂ ಗಂಟುಗಳಿವೆ. ಅಲ್ಲಿ ದುಡಿಯುವುದು ಫ್ರಾಂಕಿಯ ಎಂಬ ಬೇರೆಯ ಬ್ಯಾಕ್ಟೀರಿಯಾ.

ಬೇಡುವವರು, ಕದಿಯುವವರು, ಬೇಟೆಗಾರರು

ಸ್ವಂತ ದುಡಿಮೆಯಿಂದ ಬದುಕುವ ಸಸ್ಯಗಳ ನಡುವೆ ಬೇರೆ ದಾರಿ ಹಿಡಿದವೂ ಇವೆ. ನಮ್ಮ ನಾಡಿನ ಹೆಮ್ಮೆಯಾದ ಶ್ರೀಗಂಧದ ಮರ ಅರೆ ಪರಾವಲಂಬಿ. ಅದರ ಬೇರು ನೆರೆಯ ಗಿಡದ ಬೇರನ್ನು ತಬ್ಬಿ, ಹೀರುಬೇರನ್ನು ಒಳಕ್ಕೆ ಚುಚ್ಚಿ, ನೀರನ್ನೂ ಲವಣವನ್ನೂ ಸೆಳೆದುಕೊಳ್ಳುತ್ತದೆ. ಮದರಾಸು ಪ್ರಾಂತದ ಸರ್ಕಾರಿ ಸಸ್ಯಶಾಸ್ತ್ರಜ್ಞರಾಗಿದ್ದ ಸಿ. ಎ. ಬಾರ್ಬರ್ ಅವರು ಈ ಹೀರುಬೇರಿನ ರಚನೆಯನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸೂಕ್ಷ್ಮವಾಗಿ ವರ್ಣಿಸಿದ್ದಾರೆ. ೧೯೯೦ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಪರೀಕ್ಷೆಗಳಲ್ಲಿ, ಗಾಳಿಯ ಸಾರಜನಕವನ್ನು ಹಿಡಿಯಬಲ್ಲ ದ್ವಿದಳ ಕುಲದ ಮರಗಳ ನೆರೆಯಲ್ಲಿ ಶ್ರೀಗಂಧ ಚೆನ್ನಾಗಿ ಬೆಳೆಯುವುದು ಕಂಡುಬಂದಿತು. ಸಸಿಮಡಿಗಳಲ್ಲಿ ಶ್ರೀಗಂಧದ ಸಸಿಯ ಪಕ್ಕದಲ್ಲಿಯೇ ತೊಗರಿಯ ಬೀಜ ಊರುವ ಪದ್ಧತಿ ಇರುವುದು ಸುಮ್ಮನೆ ಅಲ್ಲ. ಬ್ಯಾಕ್ಟೀರಿಯಾ ಗಾಳಿಯಿಂದ ಹಿಡಿದುದನ್ನು ತೊಗರಿ ಪಡೆಯಿತು. ತೊಗರಿಯದನ್ನು ಗಂಧ ಪಡೆಯಿತು.

ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ನೆಲಕ್ಕೆ ಅಂಟಿದಂತೆ ಡ್ರೋಸೆರ ಎಂಬ ಪುಟ್ಟ ಗಿಡ ಕಾಣಿಸುತ್ತದೆ. ಮಳೆ ತೊಳೆದ ಆ ಕಲ್ಲುನೆಲದಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಎಲೆಯ ಮೇಲಣ ಅಂಟುಹನಿಗಳಿಂದ ಇದು ಹುಳುಗಳನ್ನು ಹಿಡಿದು ಕರಗಿಸಿ ಉಣ್ಣುತ್ತದೆ. ಡಾರ್ವಿನ್ನರು ಈ ಜಾತಿಯ ಗಿಡಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ೧೮೭೫ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅಮೋನಿಯಾ ಲವಣದ ಅತ್ಯಲ್ಪ ಅಂಶ ಸೋಕಿದರೂ ಎಲೆಯ ರೋಮಗಳು ಬಾಗುವುದನ್ನು ಅವರು ಕಂಡಿದ್ದರು.

ಚಳಿನಾಡುಗಳ ಸಂಗತಿ ಮತ್ತೊಂದು ಬಗೆ. ಅಲ್ಲಿ ಕೊಳೆಯುವ ಕೆಲಸ ನಿಧಾನ. ಅಮೋನಿಯಾಕ್ಕಾಗಿ ಕಾದು ಕುಳಿತರೆ ಹಸಿವೆಯೇ ಗತಿ. ಅಲಾಸ್ಕದ ಹಿಮಭೂಮಿಯ ಜೊಂಡೊಂದು, ಬೆಂದು ಮುಗಿಯದ ಅಡಿಗೆಯನ್ನೇ ಉಣ್ಣುವಂತೆ, ಮಣ್ಣಿನ ಅಮೈನೋ ಆಮ್ಲಗಳನ್ನು ನೇರವಾಗಿ ಹೀರುತ್ತದೆಂದು ೧೯೯೩ರಲ್ಲಿ ತಿಳಿದುಬಂದಿತು. ಉತ್ತರ ಯುರೋಪಿನ ಕಾಡುಮರಗಳೂ ಹಾಗೆ ಮಾಡಬಲ್ಲವೆಂದು ೧೯೯೮ರಲ್ಲಿ ಸ್ವೀಡನ್ನಿನವರು ತೋರಿಸಿದರು. ಅಲ್ಲಿನ ಮರಗಳಿಗೆ ಬೇರಿಗಂಟಿದ ಶಿಲೀಂಧ್ರಗಳೂ ಊಟ ಒದಗಿಸುತ್ತವೆ.

ಬಡಿಸುವವನ ಹೊಣೆ

೧೯೦೯ರಲ್ಲಿ ಹಾಬರ್ ಅವರು ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದ್ದು, ೧೯೧೩ರಲ್ಲಿ ಬಾಷ್ ಅವರ ನೇತೃತ್ವದಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಕಾರ್ಖಾನೆ ಎದ್ದದ್ದು, ಇವು ಮಾನವ ಚರಿತ್ರೆಯ ದಿಕ್ಕನ್ನೇ ಬದಲಿಸಿದವು. ಇಂದು ಪ್ರಪಂಚದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಅನ್ನ ಆ ವಿದ್ಯೆಯ ಫಲವೆಂದು ತಜ್ಞರ ಎಣಿಕೆ. ರಾಸಾಯನಿಕ ಗೊಬ್ಬರವನ್ನು ಶಪಿಸುವುದು ಸುಲಭ; ಅದಿಲ್ಲದೆ ಇಷ್ಟು ಜನಕ್ಕೆ ಉಣಿಸುವುದು ಸುಲಭವಲ್ಲ. ಪ್ರಶ್ನೆಯಿರುವುದು ಅದನ್ನು ಬಡಿಸುವ ಬಗೆಯಲ್ಲಿ.

ಬೇರು ಹಿಡಿಯದೆ ಬಿಟ್ಟ ನೈಟ್ರೇಟ್ ಕೆಳಗಿಳಿದು ಅಂತರ್ಜಲವನ್ನು ಸೇರುತ್ತದೆ. ಅಂಥ ಬಾವಿಯ ನೀರು ಬೆರೆಸಿದ ಹಾಲು ಕುಡಿದ ಹಸುಗೂಸುಗಳ ಮೈ ನೀಲಿಗಟ್ಟುವುದನ್ನು ೧೯೪೫ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ವೈದ್ಯರೊಬ್ಬರು ವರದಿ ಮಾಡಿದರು. ನಮ್ಮ ದೇಶದಲ್ಲಿ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ೪೫ ಮಿಲಿಗ್ರಾಮಿಗಿಂತ ಹೆಚ್ಚು ನೈಟ್ರೇಟ್ ಇರಬಾರದೆಂಬ ನಿಯಮವಿದೆ. ಕೇಂದ್ರ ಅಂತರ್ಜಲ ಮಂಡಳಿಯ ೨೦೨೪ರ ವರದಿಯ ಪ್ರಕಾರ, ಕರ್ನಾಟಕದಲ್ಲಿ ಪರೀಕ್ಷಿಸಿದ ನೀರಿನ ಮಾದರಿಗಳಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕವು ಈ ಮಿತಿಯನ್ನು ದಾಟಿದ್ದವು. ಊರಿನ ಚರಂಡಿ, ತಿಪ್ಪ, ಕೊಟ್ಟಿಗೆಗಳ ಪಾಲೂ ಇದರಲ್ಲಿದೆ. ಹೊಲದ ಪಾಲೂ ಇದೆ. ಗಾಳಿಗೆ ಹಾರುವುದರಲ್ಲಿ ಒಂದಂಶ ನೈಟ್ರಸ್ ಆಕ್ಸೈಡ್ ಎಂಬ ಅನಿಲ. ಭೂಮಿಯ ತಾಪವನ್ನೇರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ೨೭೦ ಪಟ್ಟು ಬಲಶಾಲಿ.

ಪರಿಹಾರ ಬೇರೆಲ್ಲಿಯೋ ಇಲ್ಲ. ಗಿಡದ ಊಟದ ಪದ್ಧತಿಯನ್ನು ಗಮನಿಸುವುದರಲ್ಲಿಯೇ ಇದೆ. ಭತ್ತಕ್ಕೆ ಯೂರಿಯಾವನ್ನು ಒಂದೇ ಬಾರಿ ಎರಚದೆ ಕಂತುಗಳಲ್ಲಿ, ಸಾಧ್ಯವಾದರೆ ಕೆಸರಿನ ಆಳಕ್ಕೆ ಕೊಡಬೇಕು. ಎಲೆಯ ಹಸಿರನ್ನು ಬಣ್ಣದ ಪಟ್ಟಿಯೊಡನೆ ಹೋಲಿಸಿ ನೋಡಿ, ಹಸಿವಾದಾಗಲಷ್ಟೇ ಬಡಿಸುವ ವಿಧಾನವನ್ನು ಭತ್ತದ ಸಂಶೋಧಕರು ರೂಢಿಗೆ ತಂದಿದ್ದಾರೆ. ಒಣ ಬೇಸಾಯದಲ್ಲಿ ಬೇರು ಹರಡಿದ ಮೇಲೆ, ನೆಲದಲ್ಲಿ ಹಸಿಯಿರುವಾಗ, ಸಾಲಿನ ಪಕ್ಕದಲ್ಲಿ ಕೊಟ್ಟು ಮಣ್ಣು ಮುಚ್ಚಬೇಕು. ದ್ವಿದಳಕ್ಕೆ ಬಿತ್ತುವ ಮುನ್ನ ಅದಕ್ಕೆ ಒಗ್ಗುವ ರೈಜೋಬಿಯಮ್ಮನ್ನು ಬೀಜಕ್ಕೆ ಸವರಿದರೆ ಚೀಲಗಟ್ಟಲೆ ಯೂರಿಯಾದ ಹಂಗಿಲ್ಲ.

ಹಳೆಯ ಮೈಸೂರಿನ ಹೊಲಗಳಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಬಿಡುವ ರೂಢಿ ತಲೆತಲಾಂತರದಿಂದ ಬಂದದ್ದು. ಬೂಸ್ಸಿಂಗೋ ಅವರ ಹೆಸರನ್ನು ಕೇಳದ ಒಕ್ಕಲಿಗರು ಕಟ್ಟಿದ ಪಂಕ್ತಿಯಿದು. ರಾಗಿಯ ಬೇರು ಮೇಲುಮಣ್ಣಿನ ನೈಟ್ರೇಟನ್ನು ಉಣ್ಣುತ್ತದೆ. ತೊಗರಿಯ ತಾಯಿಬೇರು ಆಳಕ್ಕಿಳಿದು, ರಾಗಿಯ ಕೈಗೆ ಸಿಗದೆ ಜಾರಿದುದನ್ನು ಹಿಡಿಯುತ್ತದೆ. ಅವರೆ ತನ್ನ ಪಾಲನ್ನು ಗಾಳಿಯಿಂದ ತರಿಸಿಕೊಂಡು ಮಣ್ಣಿನದನ್ನು ರಾಗಿಗೆ ಬಿಟ್ಟುಕೊಡುತ್ತದೆ. ರಾಗಿ ಕೊಯ್ಲಾದ ಮೇಲೆ ತೊಗರಿ ಉಳಿದ ಹಸಿಯಲ್ಲಿ ಕಾಯಿ ಕಟ್ಟಿ ಎಲೆ ಉದುರಿಸುತ್ತದೆ. ಕೊಡಗಿನ ಕಾಫಿ ತೋಟದಲ್ಲಿ ಹಾಲುವಾಣದ ನೆರಳನ್ನು ಕಾಪಾಡಿಕೊಂಡು ಬಂದವರ ವಿವೇಕವೂ ಇದೇ. ನೆರಳಿನ ಜೊತೆಗೆ ಸಾರಜನಕದ ಎಲೆಗೊಬ್ಬರವೂ ಅಲ್ಲಿ ದೊರೆಯುತ್ತದೆ.

ಕಾಲ ಬದಲಾದಂತೆ ಅಕ್ಕಡಿ ಸಾಲುಗಳು ಅಪರೂಪವಾದವು. ಒಂದೇ ಬೆಳೆ, ಒಂದೇ ಗೊಬ್ಬರ ರೂಢಿಯಾಯಿತು. ಆ ಹಳೆಯ ಪದ್ಧತಿಗೆ ಹಾಗೆಯೇ ಹಿಂದಿರುಗಬೇಕೆಂದು ಯಾರೂ ಒತ್ತಾಯಿಸಲಾರರು. ಹೆಚ್ಚು ಇಳುವರಿ ಈ ಹೊತ್ತಿನ ಅಗತ್ಯ. ಆದರೆ ಆ ಪದ್ಧತಿಯೊಳಗಿದ್ದ ತಿಳಿವಳಿಕೆಯನ್ನು ಪ್ರಯೋಗಶಾಲೆಗಳು ಈಗ ಅಂಕಿ ಅಂಶಗಳಲ್ಲಿ ಸಾಬೀತು ಮಾಡಿ ಕೊಟ್ಟಿವೆ. ಯಾರ ಎಲೆಗೆ ಏನನ್ನು, ಯಾವಾಗ, ಎಷ್ಟು ಬಡಿಸಬೇಕೆಂದು ಅರಿತವನ ಮನೆಯಲ್ಲಿ ಅನ್ನ ಚೆಲ್ಲುವುದಿಲ್ಲ. ಹೊಲಕ್ಕೂ ಈ ಮಾತು ಸಲ್ಲುತ್ತದೆ. ಅಲ್ಲಿ ಚೆಲ್ಲಿದ ಅನ್ನ ನಾಳೆ ನಮ್ಮ ಮಕ್ಕಳು ಕುಡಿಯುವ ನೀರಿಗೆ ಬಂದು ಸೇರುತ್ತದೆ.